ಸತ್ತವಳ ಕಡೆಯವರು

ಇಂಗ್ಲಿಷ್ ಲೇಖಕಿ ಡ್ಯಾಫ್ನೆ ಡು ಮೊರಿಯೆ ಅವರ ‘ರೆಬೆಕಾ’ ಕಾದಂಬರಿ ಹೊರಬಂದದ್ದು 1938ರ ಆಗಸ್ಟಿನಲ್ಲಿ. ಎರಡು ವರ್ಷ ತುಂಬುವ ಮೊದಲೇ, 1940ರಲ್ಲಿ, ಆಲ್‌ಫ್ರೆಡ್ ಹಿಚ್‌ಕಾಕ್ ಅದನ್ನು ಹಾಲಿವುಡ್ಡಿನಲ್ಲಿ ಚಲನಚಿತ್ರ ಮಾಡಿದ. ಆ ಚಿತ್ರಕ್ಕೆ 80 ವರ್ಷವಾದ 2020ರ ಅಕ್ಟೋಬರಿನಲ್ಲಿ ಬೆನ್ ವೀಟ್ಲಿ ಎಂಬ ಇಂಗ್ಲಿಷ್ ನಿರ್ದೇಶಕ ಅದೇ ಕಥೆಯನ್ನು ಮತ್ತೆ ತೆಗೆದ. ಅದು ನೆಟ್‌ಫ್ಲಿಕ್ಸಿನಲ್ಲಿ ಬಂತು. ಇವುಗಳ ನಡುವೆ ರೇಡಿಯೋ ನಾಟಕ, ರಂಗನಾಟಕ, ಬಿ.ಬಿ.ಸಿ.ಯ ಧಾರಾವಾಹಿ, ನಮ್ಮ ದೇಶದ ಒಂದು ಹಿಂದಿ ಚಿತ್ರ ಎಲ್ಲವೂ ಬಂದುಹೋದವು. ಒಂದೇ ಕಥೆಯನ್ನು ಇಷ್ಟು ಸಲ ಹೇಳಬೇಕಾದರೆ ಅದರಲ್ಲಿ ಇತ್ಯರ್ಥವಾಗದ ಏನೋ ಒಂದು ಉಳಿದಿರಬೇಕು ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಹೋಲಿಸುವಾಗ ಸಾಮಾನ್ಯವಾಗಿ ಯಾರ ಅಭಿನಯ ಮೇಲು, ಯಾವ ಛಾಯಾಗ್ರಹಣ ಚೆಂದ ಎಂಬ ಮಾತೇ ಬರುತ್ತದೆ. ಹಳೆಯದೇ ಚೆನ್ನ ಎಂದು ತೀರ್ಪು ಕೊಟ್ಟು ಎದ್ದುಹೋಗುವುದು ಬಹಳ ಸುಲಭ. ನನ್ನ ಕುತೂಹಲ ಬೇರೆ. ಈ ಕಥೆಯಲ್ಲಿ ಒಬ್ಬ ಹೆಂಗಸು ಸತ್ತಿದ್ದಾಳೆ. ಅವಳು ಹೇಗೆ ಸತ್ತಳು, ಅದಕ್ಕೆ ಯಾರು ಹೊಣೆ, ಹೊಣೆಯಾದವನು ಆಮೇಲೆ ಹೇಗೆ ಬದುಕಿದ ಎಂಬ ಪ್ರಶ್ನೆಗಳಿಗೆ ಕಾದಂಬರಿ ಮತ್ತು ಎರಡು ಚಿತ್ರಗಳು ಒಂದೇ ಉತ್ತರ ಕೊಡುವುದಿಲ್ಲ. ಎಲ್ಲಿ ಉತ್ತರ ಬದಲಾಯಿತು, ಯಾಕೆ ಬದಲಾಯಿತು ಎಂದು ಹುಡುಕುತ್ತ ಹೋದರೆ ಅದು ಸಿನಿಮಾದ ಚರಿತ್ರೆಯಷ್ಟೇ ಆಗಿ ಉಳಿಯುವುದಿಲ್ಲ.

ಕಥೆಯನ್ನು ಓದದವರಿಗಾಗಿ ಅದರ ಎಳೆಯನ್ನಷ್ಟು ಹೇಳುತ್ತೇನೆ. ಮಾಂಟೆ ಕಾರ್ಲೋದ ಒಂದು ಹೋಟೆಲಿನಲ್ಲಿ ಸಿರಿವಂತ ಅಮೆರಿಕನ್ ಹೆಂಗಸೊಬ್ಬಳಿಗೆ ವರ್ಷಕ್ಕೆ 90 ಪೌಂಡ್ ಸಂಬಳದ ಜೊತೆಗಾತಿಯಾಗಿ ಇರುವ, ಹಿಂದುಮುಂದಿಲ್ಲದ 21 ವರ್ಷದ ಹುಡುಗಿ. ಅವಳ ಹೆಸರು ನಮಗೆ ಕೊನೆಯವರೆಗೂ ತಿಳಿಯುವುದಿಲ್ಲ. ಅಲ್ಲಿಗೆ ಬಂದ 42 ವರ್ಷದ ವಿಧುರ ಮ್ಯಾಕ್ಸಿಮ್ ಡಿ ವಿಂಟರ್ ಅವಳನ್ನು ಮದುವೆಯಾಗಿ ಸಮುದ್ರ ತೀರದ ತನ್ನ ಮನೆ ಮ್ಯಾಂಡರ್ಲೆಗೆ ಕರೆತರುತ್ತಾನೆ. ಆ ಮನೆಯ ತುಂಬ ಸತ್ತ ಮೊದಲ ಹೆಂಡತಿ ರೆಬೆಕಾ ಇದ್ದಾಳೆ. ಕರವಸ್ತ್ರದಲ್ಲಿ, ಕಾಗದಪತ್ರಗಳಲ್ಲಿ, ಊಟದ ಪಟ್ಟಿಯಲ್ಲಿ ಅವಳ ಹೆಸರಿನ ಮೊದಲಕ್ಷರ. ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್ ಎಂಬ ಕಪ್ಪು ಉಡುಪಿನ ಹೆಂಗಸು ರೆಬೆಕಾಳ ಕೋಣೆಯನ್ನು ಗರ್ಭಗುಡಿಯಂತೆ ಕಾದುಕೊಂಡಿದ್ದಾಳೆ. ಗಂಡ ಇನ್ನೂ ಆ ಸತ್ತವಳನ್ನೇ ಪ್ರೀತಿಸುತ್ತಿದ್ದಾನೆಂದು ಹುಡುಗಿ ಕೊರಗುತ್ತಾಳೆ. ಒಂದು ದಿನ ಸಮುದ್ರದ ತಳದಲ್ಲಿ ರೆಬೆಕಾಳ ದೋಣಿ ಸಿಗುತ್ತದೆ. ಅದರೊಳಗೆ ಅವಳ ದೇಹವೂ ಇರುತ್ತದೆ. ಆಗ ಮ್ಯಾಕ್ಸಿಮ್ ಬಾಯಿ ಬಿಡುತ್ತಾನೆ: ತಾನು ಅವಳನ್ನು ಎಂದೂ ಪ್ರೀತಿಸಲಿಲ್ಲ, ದ್ವೇಷಿಸಿದೆ, ತಾನೇ ಕೊಂದೆ.

ದೊಡ್ಡ ಒಂಟಿ ಮನೆ, ಮುಚ್ಚಿದ ಕೋಣೆ, ಗುಟ್ಟಿರುವ ಯಜಮಾನ, ಹೆದರಿದ ಹುಡುಗಿ, ಕೊನೆಗೆ ಬೆಂಕಿ: ಇಂಗ್ಲಿಷಿನಲ್ಲಿ ಗಾಥಿಕ್ ಎಂದು ಕರೆಯುವ ಈ ಜಾತಿಯ ಕಥೆಗಳು ಹೊರೇಸ್ ವಾಲ್‌ಪೋಲ್‌ನ ‘ಕ್ಯಾಸಲ್ ಆಫ್ ಒಟ್ರಾಂಟೋ’ದಿಂದ, ಎಂದರೆ 1764ರಿಂದ, ನಡೆದುಬಂದಿವೆ. ಶಾರ್ಲಟ್ ಬ್ರಾಂಟೆ 1847ರಲ್ಲಿ ಬರೆದ ‘ಜೇನ್ ಐರ್’ ಈ ಸಾಲಿನ ದೊಡ್ಡಮ್ಮ. ಅಲ್ಲಿ ಮೊದಲ ಹೆಂಡತಿ ಮೇಲಂತಸ್ತಿನಲ್ಲಿ ಹುಚ್ಚಿಯಾಗಿ ಬದುಕಿದ್ದಾಳೆ. ಇಲ್ಲಿ ಸತ್ತು ಮನೆತುಂಬ ಇದ್ದಾಳೆ. ವ್ಯತ್ಯಾಸ ಅಷ್ಟೇ.

ಡು ಮೊರಿಯೆ ಈ ಕಥೆಯನ್ನು ಬರೆಯತೊಡಗಿದ್ದು ಇಂಗ್ಲೆಂಡಿನಲ್ಲಲ್ಲ, 1937ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ. ಆಕೆಯ ಗಂಡ ಸೈನ್ಯದ ಅಧಿಕಾರಿ. ಅವರನ್ನು ಅಲ್ಲಿಗೆ ಹಾಕಿದ್ದರು. ಬಿಸಿಲು, ಮರಳು, ಅಧಿಕಾರಿಗಳ ಹೆಂಡಂದಿರ ಕೂಟಗಳು ಆಕೆಗೆ ಒಗ್ಗಲಿಲ್ಲ. ಮನಸ್ಸೆಲ್ಲ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಕಡೆಗೇ ಇತ್ತು. ಅಲ್ಲಿ ಫಾಯ್ ಊರಿನ ಹತ್ತಿರ ಮೆನಬಿಲಿ ಎಂಬ ಪಾಳುಬಿದ್ದ ಹಳೆಯ ಮನೆಯನ್ನು ಚಿಕ್ಕ ವಯಸ್ಸಿನಲ್ಲೇ ಕಂಡು ಮರುಳಾಗಿದ್ದರು. ಅದೇ ಮ್ಯಾಂಡರ್ಲೆಯಾಯಿತು. ಕಾದಂಬರಿಯಿಂದ ಹೆಸರಾದ ಮೇಲೆ 1943ರಲ್ಲಿ ಆಕೆ ಆ ಮನೆಯನ್ನೇ ಭೋಗ್ಯಕ್ಕೆ ಹಿಡಿದು 1969ರವರೆಗೂ ಅಲ್ಲಿದ್ದರು. ಬರೆದು ಮುಗಿಸಿದ ಮನೆಯಲ್ಲಿ ಆಮೇಲೆ ಹೋಗಿ ಸಂಸಾರ ಮಾಡಿದವರು ಲೇಖಕರಲ್ಲಿ ಅಪರೂಪವೇ ಇರಬೇಕು.

ಕಥೆಯ ಇನ್ನೊಂದು ಬೀಜ ಆಕೆಯ ಸಂಸಾರದಲ್ಲೇ ಇತ್ತು. ಆಕೆಯ ಗಂಡನಿಗೆ ಹಿಂದೆ ಜ್ಯಾನ್ ರಿಕಾರ್ಡೊ ಎಂಬ ಚೆಲುವೆಯೊಡನೆ ಮದುವೆ ನಿಶ್ಚಯವಾಗಿ ಮುರಿದುಹೋಗಿತ್ತು. ಆ ಹೆಂಗಸಿನ ಹಳೆಯ ಕಾಗದಗಳು, ಅವುಗಳಲ್ಲಿ ದೊಡ್ಡದಾಗಿ ಬಳುಕಿಸಿ ಬರೆದ ಸಹಿ, ಡು ಮೊರಿಯೆ ಅವರ ಕಣ್ಣಿಗೆ ಬಿದ್ದಿದ್ದವು. ಜನ ಈ ಕಾದಂಬರಿಯನ್ನು ಪ್ರೇಮಕಥೆ ಎಂದಾಗಲೆಲ್ಲ ಆಕೆ ಒಪ್ಪುತ್ತಿರಲಿಲ್ಲ; ಇದು ಅಸೂಯೆಯ ಕಥೆ ಎನ್ನುತ್ತಿದ್ದರು. 1981ರಲ್ಲಿ ಪ್ರಕಟಿಸಿದ ತಮ್ಮ ಟಿಪ್ಪಣಿಗಳಲ್ಲಿ ಆಕೆ ಈ ಕಥೆ ಬೆಳೆದ ಬಗೆಯನ್ನು ಬಿಚ್ಚಿಟ್ಟಿದ್ದಾರೆ. ಮೊದಲ ಯೋಜನೆಯಲ್ಲಿ ನಾಯಕನ ಹೆಸರು ಹೆನ್ರಿ. ದಂಪತಿ ಪರದೇಶದ ಹೋಟೆಲುಗಳಲ್ಲಿ ಕಾಲ ಕಳೆಯುವ ಭಾಗ ಕಥೆಯ ಕೊನೆಯಲ್ಲಿತ್ತು. ಆಮೇಲೆ ಅದನ್ನು ತೆಗೆದು ಮೊದಲಿಗೆ ಇಟ್ಟರು. ನಾಯಕಿಗೆ ಹೆಸರಿಡದೆ ಹೋದದ್ದೂ ಹೀಗೆಯೇ: ಸರಿಯಾದ ಹೆಸರು ಹೊಳೆಯಲಿಲ್ಲ, ಆಮೇಲೆ ಹೆಸರಿಲ್ಲದೆ ನಡೆಸುವುದೇ ಒಂದು ಸವಾಲಾಗಿ ರುಚಿಸಿತು.

ಕೊನೆಯನ್ನು ಮೊದಲಿಗೆ ತಂದ ಈ ಬದಲಾವಣೆ ಸಣ್ಣದೆಂದು ನನಗೆ ತೋರುವುದಿಲ್ಲ. ಕಾದಂಬರಿಯನ್ನು ತೆರೆದ ಕೂಡಲೆ ನಮಗೆ ಸಿಗುವುದು ಊರುಬಿಟ್ಟು, ಪರಿಚಯಸ್ಥರ ಕಣ್ಣು ತಪ್ಪಿಸಿಕೊಂಡು ಬದುಕುತ್ತಿರುವ ಒಂದು ಜೋಡಿ. ಇಂಗ್ಲೆಂಡಿನಿಂದ ಬರುವ ಪತ್ರಿಕೆಗಳಲ್ಲಿ ಕ್ರಿಕೆಟ್ಟಿನ ಸುದ್ದಿಯನ್ನು ಹೆಂಡತಿ ಓದಿ ಹೇಳುತ್ತಾಳೆ, ಗಂಡ ಕೇಳುತ್ತಾನೆ. ಅವರ ದಿನಗಳು ಹೀಗೆ ಸಾಗುತ್ತವೆ. ಹಳೆಯ ನೆನಪು ಬರಬಾರದೆಂದು ಮಾತನ್ನೂ ಆರಿಸಿ ಆಡುತ್ತಾಳೆ. ಅಪರಾಧ ಏನೆಂದು ತಿಳಿಯುವ ಮೊದಲೇ ಅದರ ಶಿಕ್ಷೆಯನ್ನು ನಾವು ನೋಡಿರುತ್ತೇವೆ. ನ್ಯಾಯಾಲಯ ಬಿಟ್ಟರೂ ಬದುಕು ಬಿಡಲಿಲ್ಲ ಎನ್ನುವುದನ್ನು ಡು ಮೊರಿಯೆ ಒಂದು ಮಾತೂ ಆಡದೆ ಹೀಗೆ ಹೇಳಿಬಿಡುತ್ತಾರೆ.

ಅಪರಾಧದ ವಿಷಯದಲ್ಲಿ ಕಾದಂಬರಿ ಮುಚ್ಚುಮರೆ ಮಾಡುವುದಿಲ್ಲ. ಸಮುದ್ರ ದಡದ ಗುಡಿಸಲಿನಂಥ ಮನೆಯಲ್ಲಿ ರೆಬೆಕಾ ಗಂಡನನ್ನು ಕೆಣಕುತ್ತಾಳೆ. ತನ್ನ ಹೊಟ್ಟೆಯಲ್ಲಿ ಬೇರೆಯವನ ಮಗು ಬೆಳೆದು ಮ್ಯಾಂಡರ್ಲೆಗೆ ವಾರಸುದಾರನಾಗಬಹುದು ಎಂಬ ಅರ್ಥದ ಮಾತಾಡುತ್ತಾಳೆ. ಮ್ಯಾಕ್ಸಿಮ್ ಬಂದೂಕಿನಿಂದ ಗುಂಡು ಹೊಡೆಯುತ್ತಾನೆ. ನೆಲದ ರಕ್ತವನ್ನು ತೊಳೆದು, ಹೆಣವನ್ನು ದೋಣಿಯಲ್ಲಿಟ್ಟು, ದೋಣಿಗೆ ತೂತು ಕೊರೆದು ಮುಳುಗಿಸುತ್ತಾನೆ. ಸುಮಾರು ಎರಡು ತಿಂಗಳ ಮೇಲೆ ಬೇರೆ ಯಾವಳೋ ಹೆಂಗಸಿನ ಹೆಣ ದಡಕ್ಕೆ ಬಂದಾಗ ಇವಳೇ ನನ್ನ ಹೆಂಡತಿ ಎಂದು ಗುರುತು ಹೇಳಿ ಸಂಸ್ಕಾರ ಮಾಡಿಸುತ್ತಾನೆ. ರೆಬೆಕಾಗೆ ಇದ್ದದ್ದು ಬಸುರಲ್ಲ, ವಾಸಿಯಾಗದ ಕ್ಯಾನ್ಸರ್ ಎಂದು ಲಂಡನ್ನಿನ ವೈದ್ಯನಿಂದ ಆಮೇಲೆ ತಿಳಿಯುತ್ತದೆ. ಆತ್ಮಹತ್ಯೆ ಎಂದು ವಿಚಾರಣೆ ಕೊಟ್ಟ ತೀರ್ಪಿಗೆ ಅಲ್ಲಿಂದ ಬಲ ಬರುತ್ತದೆ.

ಆದರೆ ಓದುವವರ ಮೈ ಜುಮ್ಮೆನ್ನಿಸುವುದು ಗುಂಡಿನ ಸದ್ದಲ್ಲ. ಗಂಡ ಕೊಲೆಗಾರ ಎಂದು ಕೇಳಿದ ಗಳಿಗೆಯಲ್ಲಿ ಆ ಹುಡುಗಿಗೆ ಆಗುವುದು ನೆಮ್ಮದಿ. ಅವನು ರೆಬೆಕಾಳನ್ನು ಪ್ರೀತಿಸಿರಲಿಲ್ಲ ಎಂಬ ಒಂದೇ ಮಾತು ಅವಳ ಕಿವಿಗೆ ಬೀಳುತ್ತದೆ. ಮಿಕ್ಕದ್ದು ಬೀಳುವುದೇ ಇಲ್ಲ. ಅಲ್ಲಿಂದ ಮುಂದೆ ಅವಳ ಜೊತೆಗೆ ನಾವೂ ಕೊಲೆಗಾರ ಸಿಕ್ಕಿಬೀಳದಿರಲಿ ಎಂದು ಹಾರೈಸುತ್ತ ಪುಟ ತಿರುಗಿಸುತ್ತೇವೆ. ಸತ್ತವಳ ನಡತೆ ಸರಿಯಿರಲಿಲ್ಲವಲ್ಲ ಎಂಬ ಸಮಾಧಾನ ನಮಗೆ ಒದಗಿರುತ್ತದೆ. ನಮ್ಮ ಕನ್ನಡ ದಿನಪತ್ರಿಕೆಗಳ ಒಳಪುಟಗಳಲ್ಲಿ ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಎಂಬ ತಲೆಬರಹ ಎಷ್ಟು ಸಲ ಕಂಡಿದ್ದೇವೆ! ಅದರಲ್ಲಿ ಕೊಂದವನ ಕಾರಣ ಮೊದಲು, ಸತ್ತವಳು ಆಮೇಲೆ. ಡು ಮೊರಿಯೆ ಒಂದು ಇಡೀ ಕಾದಂಬರಿಯುದ್ದಕ್ಕೂ ಓದುಗರನ್ನು ಆ ತಲೆಬರಹದೊಳಗೆ ಕೂರಿಸಿದ್ದಾರೆ.

ಹಿಚ್‌ಕಾಕ್‌ನ ಚಿತ್ರದ ಕಥೆಗೆ ಬರೋಣ. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಆಗಷ್ಟೇ ‘ಗಾನ್ ವಿತ್ ದಿ ವಿಂಡ್’ ತೆಗೆಯುತ್ತಿದ್ದವನು. ಜನ ಓದಿ ಮೆಚ್ಚಿದ ಪುಸ್ತಕವನ್ನು ತೆರೆಯ ಮೇಲೆ ಬದಲಿಸಕೂಡದು ಎಂಬುದು ಅವನ ಹಠ. ಹಿಚ್‌ಕಾಕ್ ಮೊದಲು ಸಿದ್ಧಪಡಿಸಿಕೊಟ್ಟ ಕಥಾರೂಪದಲ್ಲಿ ಬಹಳ ಸ್ವಾತಂತ್ರ್ಯ ವಹಿಸಿದ್ದ. ಸೆಲ್ಜ್‌ನಿಕ್ 1939ರ ಜೂನ್‌ನಲ್ಲಿ ಉದ್ದನೆಯ ಕಾಗದ ಬರೆದು ಅದನ್ನು ತಿರಸ್ಕರಿಸಿದ. ಪುಸ್ತಕಕ್ಕೆ ಮರಳಲು ಹೇಳಿದ. ಸೆಪ್ಟೆಂಬರಿನಲ್ಲಿ ಚಿತ್ರೀಕರಣ ಶುರುವಾಗುವ ಹೊತ್ತಿಗೆ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತ್ತು. ಮ್ಯಾಂಡರ್ಲೆಯನ್ನು ಕ್ಯಾಲಿಫೋರ್ನಿಯದ ಸ್ಟುಡಿಯೋದಲ್ಲೇ ಮಾದರಿ ಮನೆಯಾಗಿ ಕಟ್ಟಿದರು. ಮ್ಯಾಕ್ಸಿಮ್ ಆಗಿ ಲಾರೆನ್ಸ್ ಒಲಿವಿಯೆ, ಹುಡುಗಿಯಾಗಿ ಜೋನ್ ಫಾಂಟೇನ್, ಡ್ಯಾನ್ವರ್ಸ್ ಆಗಿ ಜೂಡಿತ್ ಆಂಡರ್ಸನ್. ಚಿತ್ರಕ್ಕೆ 11 ಆಸ್ಕರ್ ನಾಮಕರಣಗಳಾಗಿ, ಆ ವರ್ಷದ ಅತ್ಯುತ್ತಮ ಚಿತ್ರದ ಬಹುಮಾನವೂ ಕಪ್ಪು ಬಿಳುಪು ಛಾಯಾಗ್ರಹಣದ ಬಹುಮಾನವೂ ಬಂದವು.

ಪುಸ್ತಕದ ಒಂದಕ್ಷರವನ್ನೂ ಬಿಡಬಾರದೆಂದು ಹಠ ಹಿಡಿದ ಸೆಲ್ಜ್‌ನಿಕ್ ಕಥೆಯ ನಟ್ಟನಡುವಿನ ಗುಂಡನ್ನೇ ಬಿಡಬೇಕಾಯಿತು. ಅಮೆರಿಕದ ಚಿತ್ರೋದ್ಯಮ 1930ರಲ್ಲಿ ತಾನೇ ಬರೆದುಕೊಂಡು 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ತಂದ ಒಂದು ನೀತಿಸಂಹಿತೆ ಇತ್ತು. ಕೊಲೆ ಮಾಡಿದವನು ತೆರೆಯ ಮೇಲೆ ಶಿಕ್ಷೆಯಿಲ್ಲದೆ ಹೋಗಕೂಡದೆಂದು ಅದರ ಕಛೇರಿಯ ಮುಖ್ಯಸ್ಥ ಜೋಸೆಫ್ ಬ್ರೀನ್ ಪಟ್ಟು ಹಿಡಿದ. ಮ್ಯಾಕ್ಸಿಮ್ ಕೊಂದಿದ್ದರೆ ಸಾಯಬೇಕು, ಬದುಕಬೇಕಾದರೆ ಕೊಂದಿರಬಾರದು. ಹೀಗಾಗಿ ಚಿತ್ರದಲ್ಲಿ ರೆಬೆಕಾ ನಗುತ್ತ ಗಂಡನ ಕಡೆಗೆ ಬರುತ್ತಾಳೆ, ಎಡವಿ ಬೀಳುತ್ತಾಳೆ, ದೋಣಿಯ ಭಾರವಾದ ಸಲಕರಣೆಗೆ ತಲೆ ಬಡಿದು ಸಾಯುತ್ತಾಳೆ. ಮ್ಯಾಕ್ಸಿಮ್ ಮಾಡಿದ ತಪ್ಪು ಹೆಣವನ್ನು ಬಚ್ಚಿಟ್ಟದ್ದು ಮಾತ್ರ.

ನೀತಿಯನ್ನು ಕಾಪಾಡಲು ಮಾಡಿದ ಈ ತಿದ್ದುಪಡಿ ನೀತಿಗೆ ಏನು ಮಾಡಿತೆಂದು ನನಗೆ ತೋರಿಸಿಕೊಟ್ಟವರು ಇಂಗ್ಲಿಷ್ ಬಾರದ ನನ್ನ ಸೋದರತ್ತೆ. 1988ರ ಸುಮಾರಿನಲ್ಲಿ ಬೇಸಗೆ ರಜಕ್ಕೆ ಅತ್ತೆಯ ಮನೆಯಲ್ಲಿದ್ದಾಗ ವಿ.ಸಿ.ಆರ್. ಬಾಡಿಗೆಗೆ ತಂದಿದ್ದೆವು. ಇತರರು ಒಬ್ಬೊಬ್ಬರಾಗಿ ಎದ್ದುಹೋದರೂ ಅತ್ತೆ ಮಾತ್ರ ಹಿಚ್‌ಕಾಕ್‌ನ ‘ರೆಬೆಕಾ’ವನ್ನು ಕೊನೆಯವರೆಗೂ ಕೂತು ನೋಡಿದರು. ನಾನು ಪಕ್ಕದಲ್ಲಿ ಕೂತು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಅವರಿಗೆ ಅದು ಯಾಕೆ ಅಷ್ಟು ಹಿಡಿಸಿತೆಂದು ಹೇಳಬೇಕಾಗಿಲ್ಲ. ಅತ್ತೆಯನ್ನು ಎರಡನೆಯ ಸಂಬಂಧಕ್ಕೆ ಕೊಟ್ಟಿದ್ದರು. ಮಾವನ ಮೊದಲ ಹೆಂಡತಿ ಬಾಣಂತಿತನದಲ್ಲಿ ತೀರಿಕೊಂಡಿದ್ದರು. ಆ ಮನೆಯ ಕೊಳಗ, ತಪ್ಪಲೆ, ಹಿತ್ತಾಳೆಯ ಚೊಂಬುಗಳ ಮೇಲೆಲ್ಲ ಚುಕ್ಕೆ ಚುಕ್ಕೆಯಾಗಿ ಕೊರೆದ ಅವರ ಹೆಸರು, ಅದರ ಹಿಂದೆ ‘ಸೌ॥’ ಎಂಬ ಅಕ್ಷರ. ನಲವತ್ತು ವರ್ಷ ಅತ್ತೆ ದಿನಕ್ಕೆ ಎರಡು ಸಲ ಆ ಹೆಸರನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ಬೆಳಗಿದವರು. ತೆರೆಯ ಮೇಲೆ ರೆಬೆಕಾಳ ಹೆಸರಿನ ಅಕ್ಷರ ಕಸೂತಿ ಹಾಕಿದ ದಿಂಬಿನ ಚೀಲ ಬಂದಾಗ ನಾನು ವಿವರಿಸಲು ಹೋದೆ. ಅವರು ಕೈ ಸನ್ನೆಯಿಂದ ತಡೆದರು.

ದಡದ ಮನೆಯ ದೃಶ್ಯ ಬಂತು. ‘ಕಾಲು ಎಡವಿ ಬಿದ್ದು ಸತ್ತಳಂತೆ’ ಎಂದೆ. ಅತ್ತೆ ನನ್ನ ಕಡೆ ತಿರುಗಿ, ‘ಬಿದ್ದು ಸತ್ತಳು ಅಂದ್ರೆ ನಂಬ್ತೀಯೇನೋ? ತಾನಾಗಿ ಬಿದ್ದೋಳನ್ನ ಯಾಕೆ ದೋಣೀಲಿ ಹಾಕಿ ಮುಳುಗಿಸ್ಬೇಕಿತ್ತು?’ ಎಂದರು.

ಆ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ. ಬಾವಿಗೆ ಬಿದ್ದಳು, ಸ್ಟೌವ್ ಸಿಡಿಯಿತು, ಜಾರಿ ಬಿದ್ದಳು ಎಂಬ ಮಾತುಗಳನ್ನು ಕೇಳಿ ಕೇಳಿ ಪಳಗಿದ ಕಿವಿ ಅತ್ತೆಯದು. ಎಂಬತ್ತರ ದಶಕದಲ್ಲಿ ಇಂಥ ‘ಅಪಘಾತ’ಗಳು ನಮ್ಮಲ್ಲಿ ಎಷ್ಟು ಹೆಚ್ಚಿದ್ದವೆಂದರೆ, ಮದುವೆಯಾದ ಏಳು ವರ್ಷದೊಳಗೆ ಹೆಂಗಸು ಅಸಹಜವಾಗಿ ಸತ್ತು, ಸಾವಿನ ಮುನ್ನ ವರದಕ್ಷಿಣೆಯ ಹಿಂಸೆ ನಡೆದದ್ದು ಕಂಡುಬಂದರೆ ಗಂಡನ ಮನೆಯವರೇ ಹೊಣೆಯೆಂದು ಭಾವಿಸುವ ಕಲಮನ್ನು 1986ರಲ್ಲಿ ದಂಡಸಂಹಿತೆಗೆ ಸೇರಿಸಬೇಕಾಯಿತು. ಹಾಲಿವುಡ್ಡಿನ ನೀತಿ ಕಛೇರಿ ಕೊಲೆಯನ್ನು ಅಳಿಸಿ ಅಪಘಾತ ಎಂದು ಬರೆದಾಗ, ಪ್ರಪಂಚದ ಎಷ್ಟೋ ಗಂಡಂದಿರು ಹೇಳಿಕೊಂಡು ಬಂದ ಸುಳ್ಳನ್ನೇ ನಾಯಕನ ಬಾಯಿಗೆ ಹಾಕಿತು. ಕಾದಂಬರಿಯ ಮ್ಯಾಕ್ಸಿಮ್ ಕನಿಷ್ಠ ಹೆಂಡತಿಯ ಮುಂದೆಯಾದರೂ ನಿಜ ಹೇಳಿದ್ದ.

ಹಿಚ್‌ಕಾಕ್‌ಗೆ ಇದು ಗೊತ್ತಿತ್ತೋ ಏನೋ. ಆ ದೃಶ್ಯವನ್ನು ಅವನು ತೆಗೆದಿರುವ ರೀತಿ ವಿಚಿತ್ರವಾಗಿದೆ. ಹಿಂದಿನ ಘಟನೆಯನ್ನು ಅವನು ತೋರಿಸುವುದಿಲ್ಲ. ಮ್ಯಾಕ್ಸಿಮ್ ಹೇಳುತ್ತ ಹೋದಂತೆ ಕ್ಯಾಮೆರಾ ಖಾಲಿ ಕೋಣೆಯಲ್ಲಿ ತಾನೇ ಚಲಿಸುತ್ತದೆ: ರೆಬೆಕಾ ಕೂತಿದ್ದ ಜಾಗ, ಎದ್ದ ಜಾಗ, ನಡೆದು ಬಂದ ದಾರಿ. ಇಲ್ಲದವಳನ್ನು ಕ್ಯಾಮೆರಾ ಹಿಂಬಾಲಿಸುತ್ತದೆ. ಒಂದು ಭಾವಚಿತ್ರದಲ್ಲೂ ರೆಬೆಕಾಳ ಮುಖ ತೋರಿಸದ ಈ ಚಿತ್ರದಲ್ಲಿ ಅವಳು ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಲ್ಲೇ. ಗಂಡನ ಮಾತು ಒಂದು ಹೇಳುತ್ತಿದ್ದರೆ ಕೋಣೆ ಇನ್ನೊಂದು ಹೇಳುವಂತಿದೆ. ಮುಂದೆ ತ್ರೂಫೋ ಜೊತೆಗಿನ ಸಂದರ್ಶನದಲ್ಲಿ ಹಿಚ್‌ಕಾಕ್ ಇದು ತನ್ನ ಚಿತ್ರವೇ ಅಲ್ಲ ಎಂಬಂತೆ ಮಾತಾಡಿದ. ಆ ಒಂದು ದೃಶ್ಯವಂತೂ ಅವನದೇ.

ಅತ್ತೆ ಆ ದಿನ ಇನ್ನೊಂದು ಮಾತು ಕೇಳಿದರು. ಚಿತ್ರ ಮುಗಿದು ನಾನು ಕ್ಯಾಸೆಟ್ಟು ಸುತ್ತುತ್ತಿದ್ದಾಗ, ‘ಅಲ್ವೋ, ಆ ರೆಬೆಕಾಗೆ ತವರಿನೋರು ಅಂತ ಯಾರೂ ಇರ್ಲಿಲ್ವೇನೋ?’ ಎಂದರು. ಅವರ ಮನೆಗೆ ಮೊದಲನೆಯವರ ತಮ್ಮ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದರು. ಅತ್ತೆ ಅವರನ್ನು ಒಡಹುಟ್ಟಿದವರಂತೆ ಕರೆದು ಮಣೆ ಹಾಕಿ ಬಡಿಸುತ್ತಿದ್ದರು; ಅವರೂ ಇವರಿಗೆ ಅಕ್ಕನಿಗೆ ಕೊಡುವಂತೆ ಅರಿಶಿನ ಕುಂಕುಮ ಕೊಟ್ಟು ಹೋಗುತ್ತಿದ್ದರು. ಸತ್ತವಳಿಗೆ ಕೇಳುವವರು ಇದ್ದಾರೆ ಎಂಬುದು ಬಂದವಳಿಗೂ ಒಂದು ಕಾವಲು.

ರೆಬೆಕಾಳ ಅಪ್ಪ ಅಮ್ಮ ಇಲ್ಲ. ಇರುವವನು ಫ್ಯಾವೆಲ್ ಎಂಬ ಸೋದರ ಸಂಬಂಧಿ. ಅವಳ ಪ್ರಿಯಕರರಲ್ಲಿ ಒಬ್ಬ, ಕುಡುಕ, ಹಣ ಕೀಳಲು ಬಂದವನು. ಅವನು ಹೇಳುವುದೆಲ್ಲ ನಿಜ, ಆದರೆ ಅವನ ಬಾಯಿಂದ ಬಂದದ್ದರಿಂದ ಯಾರಿಗೂ ಬೇಡ. ನಿಜವಾಗಿ ತವರಿನ ಕಡೆಯವಳೆಂದರೆ ಡ್ಯಾನ್ವರ್ಸ್. ರೆಬೆಕಾ ಮಗುವಾಗಿದ್ದಾಗಿನಿಂದ ನೋಡಿಕೊಂಡವಳು, ಮದುವೆಯಾಗಿ ಬಂದಾಗ ಜೊತೆಗೆ ಬಂದವಳು. ಅತ್ತೆ ಚಿತ್ರದ ಮೊದಲಲ್ಲೇ ಅವಳನ್ನು ನೋಡಿ ‘ಮಂಥರೆ ಇದ್ದಹಾಗಿದ್ದಾಳೆ’ ಎಂದಿದ್ದರು. ಆಗ ಟಿ.ವಿ.ಯಲ್ಲಿ ರಮಾನಂದ ಸಾಗರರ ರಾಮಾಯಣದ ಕಾಲ. ಬಹಳ ದಿನಗಳ ಮೇಲೆ ನನಗೆ ತಿಳಿದದ್ದು ಇದು: ‘ರೆಬೆಕಾ’ ಕಥೆಯನ್ನು ಹಿಂದಿಯಲ್ಲಿ 1964ರಲ್ಲಿ ‘ಕೊಹ್ರಾ’ ಎಂದು ತೆಗೆದರು. ಹೇಮಂತ್ ಕುಮಾರ್ ನಿರ್ಮಾಣ, ಬೀರೇನ್ ನಾಗ್ ನಿರ್ದೇಶನ, ನಾಯಕಿ ವಹೀದಾ ರೆಹಮಾನ್. ಅದರಲ್ಲಿ ಡ್ಯಾನ್ವರ್ಸ್‌ಳ ಪಾತ್ರ ವಹಿಸಿದ್ದ ಲಲಿತಾ ಪವಾರ್ ಅವರೇ ಸಾಗರರ ರಾಮಾಯಣದ ಮಂಥರೆ! ತವರಿನಿಂದ ಹೆಣ್ಣಿನ ಹಿಂದೆ ಬರುವ ದಾಸಿಯನ್ನು ನಮ್ಮ ಕಥೆಗಳೂ ಅವರ ಕಥೆಗಳೂ ಒಂದೇ ಕಣ್ಣಿನಿಂದ ನೋಡಿವೆ. ಅವಳು ಕೇಳುವುದು ತನ್ನ ಹುಡುಗಿಯ ಹಕ್ಕನ್ನು. ನಮಗೆ ಕಾಣುವುದು ಅವಳ ಗೂನು.

ಹೀಗೆ ನೋಡಿದರೆ ಡ್ಯಾನ್ವರ್ಸ್ ಈ ಮೊಕದ್ದಮೆಯ ಫಿರ್ಯಾದುದಾರಳು. ಅವಳಿಗೆ ಏನಾಯಿತು ಎಂಬುದನ್ನು ಮೂರರಲ್ಲೂ ಗಮನಿಸಬೇಕು. ಕಾದಂಬರಿಯಲ್ಲಿ ರೆಬೆಕಾಳ ದಿನಚರಿ ಪುಸ್ತಕವನ್ನು ತಂದುಕೊಡುವವಳು ಅವಳೇ. ಅದರಿಂದಲೇ ವೈದ್ಯನ ಗುರುತು ಸಿಕ್ಕಿ, ಕೊಂದವನು ಪಾರಾಗುತ್ತಾನೆ. ತೀರ್ಪು ನೋಡಬೇಕಾದ ಮ್ಯಾಜಿಸ್ಟ್ರೇಟ್ ಕರ್ನಲ್ ಜೂಲಿಯನ್ ಮ್ಯಾಂಡರ್ಲೆಯಲ್ಲಿ ಊಟ ಮಾಡುವ ಗೆಳೆಯ. ನಿಜ ಊಹಿಸಿಯೂ ಸುಮ್ಮನಾದನೆಂದು ನಮಗೆ ತೋರುತ್ತದೆ. ಆ ರಾತ್ರಿ ಮ್ಯಾಂಡರ್ಲೆ ಸುಡುತ್ತದೆ. ಡ್ಯಾನ್ವರ್ಸ್ ಆಗಲೇ ಮನೆ ಬಿಟ್ಟಿರುತ್ತಾಳೆ. ಯಾರು ಹಚ್ಚಿದರೆಂದು ಡು ಮೊರಿಯೆ ಬರೆಯುವುದಿಲ್ಲ. ಹಿಚ್‌ಕಾಕ್‌ನ ಚಿತ್ರದಲ್ಲಿ ಅವಳು ಬೆಂಕಿಯೊಳಗೇ ನಿಂತು ಸುಟ್ಟುಹೋಗುತ್ತಾಳೆ. ಗಂಡನ ಅಪರಾಧವನ್ನು ಅಳಿಸಿದ ಕಾನೂನು ದಾಸಿಯ ಅಪರಾಧಕ್ಕೆ ಪೂರ್ತಿ ಶಿಕ್ಷೆ ಕೊಟ್ಟಿತು. ರೆಬೆಕಾಳ ಒಳಉಡುಪನ್ನು ಅವಳು ಸವರುವ ದೃಶ್ಯದಲ್ಲಿ ಹೆಣ್ಣು ಹೆಣ್ಣನ್ನು ಬಯಸುವ ಛಾಯೆ ಇದೆಯೆಂದು ಬ್ರೀನ್‌ನ ಕಛೇರಿ ಅದಕ್ಕೂ ಆಕ್ಷೇಪವೆತ್ತಿತ್ತು.

2020ರಲ್ಲಿ ಇಂಥ ಯಾವ ಕಛೇರಿಯೂ ಇರಲಿಲ್ಲ. ಆ ಸಂಹಿತೆ 1968ರಲ್ಲೇ ಹೋಗಿತ್ತು. ಹೊಸ ಚಿತ್ರದಲ್ಲಿ ಗುಂಡು ಮರಳಿ ಬಂದಿದೆ: ಮ್ಯಾಕ್ಸಿಮ್ ಕೊಲ್ಲುತ್ತಾನೆ. ಬಣ್ಣ ಬಂದಿದೆ. ಹ್ಯಾಟ್‌ಫೀಲ್ಡ್ ಹೌಸ್ ಮೊದಲಾದ ನಿಜವಾದ ಹಳೆಯ ಬಂಗಲೆಗಳು ಬಂದಿವೆ. ಡ್ಯಾನ್ವರ್ಸ್ ಆಗಿ ಕ್ರಿಸ್ಟಿನ್ ಸ್ಕಾಟ್ ಥಾಮಸ್ ಘನತೆಯಿಂದ ಅಭಿನಯಿಸಿದ್ದಾರೆ. ಅವಳ ದುಃಖಕ್ಕೆ ಹಿಂದಿಗಿಂತ ಹೆಚ್ಚು ಜಾಗ ಸಿಕ್ಕಿದೆ. ಹೀಗಿದ್ದೂ ಚಿತ್ರ ನೋಡಿ ಮುಗಿಸಿದಾಗ ಪುಸ್ತಕದಿಂದ ಇನ್ನೂ ದೂರ ಬಂದಂತೆ ನನಗೆ ಅನ್ನಿಸಿತು.

ಕಾರಣಗಳನ್ನು ಯೋಚಿಸಿದ್ದೇನೆ. ಮ್ಯಾಕ್ಸಿಮ್ ಪಾತ್ರ ಮಾಡಿದ ಆರ್ಮಿ ಹ್ಯಾಮರ್‌ಗೆ ಚಿತ್ರೀಕರಣದ ಹೊತ್ತಿಗೆ 32 ವರ್ಷ. 1939ರಲ್ಲಿ ಒಲಿವಿಯೆಗೂ ಅಷ್ಟೇ ವಯಸ್ಸು. ಆದರೆ ಒಲಿವಿಯೆಯ ಕೂದಲಿಗೆ ನರೆ ಹಚ್ಚಿದ್ದರು. ಜೋನ್ ಫಾಂಟೇನ್‌ಗೆ 22 ತುಂಬಿದ್ದು ಆ ಚಿತ್ರೀಕರಣದ ನಡುವೆ. ಹೊಸ ಚಿತ್ರದ ನಾಯಕಿ ಲಿಲಿ ಜೇಮ್ಸ್‌ಗೆ 30. (ಅವರು ಹುಟ್ಟಿದ್ದು 1989ರ ಏಪ್ರಿಲ್ 5ರಂದು; ಡು ಮೊರಿಯೆ ತೀರಿಕೊಂಡದ್ದು ಅದೇ ತಿಂಗಳ 19ರಂದು.) ಗಂಡ ಹೆಂಡಿರು ಸರೀಕರಂತೆ ಕಾಣುತ್ತಾರೆ. ಅಪ್ಪನ ವಯಸ್ಸಿನ ಗಂಡ, ಮಗುವಿನಂಥ ಹೆಂಡತಿ, ಅವನ ಸಿಡುಕು, ಅವಳ ಅಂಜಿಕೆ ಇವು ಹೋದವು. ಅವು ಹೋದ ಮೇಲೆ ಕೊಲೆಯ ಸುದ್ದಿ ಕೇಳಿ ಅವಳಿಗೇಕೆ ನೆಮ್ಮದಿಯಾಯಿತು ಎಂಬುದಕ್ಕೆ ಪ್ರೀತಿಯ ಹೊರತು ಬೇರೆ ಕಾರಣ ಉಳಿಯುವುದಿಲ್ಲ.

ಎರಡನೆಯದಾಗಿ, ನಮ್ಮ ಕಾಲದ ನಾಯಕಿ ಅಂಜುಬುರುಕಿಯಾಗಿರಬಾರದು. ಕಾದಂಬರಿಯಲ್ಲಿ ವೈದ್ಯನ ಮುಂದೆ ಗಂಡಸರೆಲ್ಲ ಕೂತು ಮಾತಾಡುವಾಗ ಅವಳು ಪಕ್ಕದಲ್ಲಿ ಸುಮ್ಮನಿರುತ್ತಾಳೆ. ಹೊಸ ಚಿತ್ರದಲ್ಲಿ ಗಂಡ ಬಂಧನದಲ್ಲಿದ್ದಾಗ ಅವಳೇ ಲಂಡನ್ನಿಗೆ ಹೋಗಿ, ವೈದ್ಯನ ಕಛೇರಿಯೊಳಗೆ ಕದ್ದು ಹೊಕ್ಕು, ರೆಬೆಕಾಳ ಕಾಗದಪತ್ರವನ್ನು ಹುಡುಕಿ ತೆಗೆಯುತ್ತಾಳೆ. ಹೆಣ್ಣಿಗೆ ಧೈರ್ಯ ಬಂತು, ಸಂತೋಷ. ಆದರೆ ಆ ಧೈರ್ಯವೆಲ್ಲ ವೆಚ್ಚವಾದದ್ದು ಇನ್ನೊಬ್ಬ ಹೆಣ್ಣನ್ನು ಕೊಂದವನನ್ನು ಬಿಡಿಸಿಕೊಳ್ಳುವುದಕ್ಕೆ. ಸುಮ್ಮನೆ ಕೂತವಳ ಪಾಲುದಾರಿಕೆಗಿಂತ ಓಡಾಡಿದವಳ ಪಾಲುದಾರಿಕೆ ದೊಡ್ಡದಲ್ಲವೇ? ಚಿತ್ರ ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ.

ಮೂರನೆಯದು ಮುಕ್ತಾಯ. ಡ್ಯಾನ್ವರ್ಸ್ ಮನೆಗೆ ಬೆಂಕಿಯಿಟ್ಟು ಬಂಡೆಯಂಚಿನಿಂದ ಸಮುದ್ರಕ್ಕೆ ಹಾರಿಕೊಳ್ಳುತ್ತಾಳೆ. ಆಮೇಲೆ ಗಂಡ ಹೆಂಡಿರು ಕೈರೋದ ಹೋಟೆಲಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಪ್ರೀತಿಯನ್ನು ಉಳಿಸಿಕೊಂಡೆ, ಅಷ್ಟು ಸಾಕು ಎಂಬ ತೃಪ್ತಿ ನಾಯಕಿಯ ಮಾತಿನಲ್ಲೂ ಮುಖದಲ್ಲೂ ಇದೆ. ಈಜಿಪ್ಟಿನ ಸೆಕೆಯಲ್ಲಿ ಕೂತು ಮನೆಯ ನೆನಪಿನಲ್ಲಿ ಬೇಯುತ್ತ ಬರೆದ ಕಾದಂಬರಿಯನ್ನು ಈಜಿಪ್ಟಿಗೇ ತಂದು ಸುಖವಾಗಿ ಮುಗಿಸಿದ್ದಾರೆ. ಡು ಮೊರಿಯೆ ಬರೆದದ್ದು ಅಸೂಯೆಯ ಕಥೆ. ಚಿತ್ರ ಅದನ್ನು ಪ್ರೇಮಕಥೆಯಾಗಿ ತಿದ್ದಿದೆ. ಆಕೆ ಮೊದಲ ಪುಟಗಳಲ್ಲೇ ಇಟ್ಟ ಆ ನೀರಸ, ಬೆದರಿದ ದಿನಗಳು, ಎಂದರೆ ಶಿಕ್ಷೆ, ಇಲ್ಲಿ ರದ್ದಾಗಿದೆ.

1940ರಲ್ಲಿ ಸೆನ್ಸಾರು ಹೊರಗಿನಿಂದ ಬಂತು. ಏನು ಕತ್ತರಿಸಿದರೆಂದು ಕಾಗದದ ಮೇಲೆ ಇದೆ, ಯಾರಾದರೂ ಓದಬಹುದು. ಆ ಕತ್ತರಿಯನ್ನು ತಪ್ಪಿಸಲು ನಿರ್ದೇಶಕ ಖಾಲಿ ಕೋಣೆಯಲ್ಲಿ ಕ್ಯಾಮೆರಾ ಓಡಾಡಿಸುವಂಥ ಉಪಾಯ ಹುಡುಕಬೇಕಾಯಿತು. ಇಂದಿನ ಸೆನ್ಸಾರು ಒಳಗೇ ಕೂತಿದೆ: ನಾಯಕಿ ದಿಟ್ಟೆಯಾಗಿರಬೇಕು, ದಂಪತಿ ಸಮಾನರಾಗಿರಬೇಕು, ನೋಡಿದವರಿಗೆ ಕೊನೆಯಲ್ಲಿ ಹಾಯೆನ್ನಿಸಬೇಕು. ಯಾರೂ ಬಲವಂತ ಮಾಡಿಲ್ಲವಾದ್ದರಿಂದ ಅದನ್ನು ಸುತ್ತಿ ಹೋಗುವ ಉಪಾಯವನ್ನೂ ಯಾರೂ ಹುಡುಕಿಲ್ಲ.

ಹಾಗೆಂದು ಹಳೆಯ ಕಥೆಯನ್ನು ಮುಟ್ಟಲೇಬಾರದು ಎನ್ನುವವನಲ್ಲ ನಾನು. 1966ರಲ್ಲಿ ಜೀನ್ ರಿಸ್ ‘ವೈಡ್ ಸರ್ಗಾಸೊ ಸೀ’ ಬರೆದು ‘ಜೇನ್ ಐರ್’ನ ಆ ಹುಚ್ಚಿ ಹೆಂಡತಿಗೆ ಊರು, ಹೆಸರು, ಬಾಲ್ಯ, ಮಾತು ಕೊಟ್ಟರು. ಅದಾದ ಮೇಲೆ ‘ಜೇನ್ ಐರ್’ ಓದುವವರಿಗೆ ಮೇಲಂತಸ್ತಿನ ನಗು ಬೇರೆಯಾಗಿಯೇ ಕೇಳಿಸುತ್ತದೆ. ‘ರೆಬೆಕಾ’ಗೂ ಅಂಥ ಒಂದು ಪ್ರಯತ್ನ ನಡೆದಿದೆ, 2001ರಲ್ಲಿ ಸ್ಯಾಲಿ ಬೋಮನ್ ಬರೆದ ‘ರೆಬೆಕಾಸ್ ಟೇಲ್’ನಲ್ಲಿ ರೆಬೆಕಾಳ ಬರಹವೂ ಇದೆ. ಮರುಸೃಷ್ಟಿ ಎಂದರೆ ಹಳೆಯದರಲ್ಲಿ ಉಳಿದುಹೋದ ಪ್ರಶ್ನೆಯನ್ನು ಎತ್ತಿಕೊಳ್ಳುವುದು. ಅದನ್ನು ಬಿಟ್ಟು ಉಡುಪು, ಬಂಗಲೆಗಳನ್ನು ಎತ್ತಿಕೊಂಡರೆ ಒಂದು ಸಂಜೆ ಕಳೆಯುತ್ತದೆ, ಅಷ್ಟೇ.

ಬಿ.ಬಿ.ಸಿ.ಯ 1979ರ ಧಾರಾವಾಹಿಯಲ್ಲಿ ಹೆಸರಿಲ್ಲದ ಎರಡನೆಯ ಹೆಂಡತಿಯಾಗಿದ್ದವರು ಜೊಆನಾ ಡೇವಿಡ್. 1997ರ ಬ್ರಿಟಿಷ್ ಧಾರಾವಾಹಿಯಲ್ಲಿ ಅದೇ ಪಾತ್ರ ಮಾಡಿದವರು ಅವರ ಮಗಳು ಎಮಿಲಿಯಾ ಫಾಕ್ಸ್. ತಾಯಿಯಿಂದ ಮಗಳಿಗೆ ಬಂದ ಪಾತ್ರ ಇನ್ನೂ ಎಷ್ಟೋ ಜನರಿಗೆ ಹೋಗುತ್ತದೆ. ಈ ಕಥೆಯನ್ನು ಮುಂದೆಯೂ ತೆಗೆಯುತ್ತಾರೆ, ಅನುಮಾನವಿಲ್ಲ. ತೆಗೆಯಲಿ. ಬಣ್ಣದಲ್ಲಾದರೂ ಕಪ್ಪು ಬಿಳುಪಿನಲ್ಲಾದರೂ ನಾನು ನೋಡುತ್ತೇನೆ. ಸಮುದ್ರದಿಂದ ದೋಣಿಯನ್ನು ಮೇಲೆತ್ತಿದ ದಿನ, ಊರಿನ ದೊಡ್ಡವರೆಲ್ಲ ಸೇರಿ ವಿಚಾರಣೆಗೆ ಕೂತಾಗ, ಸತ್ತವಳ ಕಡೆಯಿಂದ ಎದ್ದು ಮಾತಾಡುವವರು ಯಾರು ಎಂಬುದನ್ನು ಮೊದಲು ಗಮನಿಸುತ್ತೇನೆ.